ಹಿತ್ತಿಲ ಗಿಡ

ಹಿತ್ತಿಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಯು ಗಿಡಗಳಿಗಿಂತ ಮನುಷ್ಯರ ವಿಷಯದಲ್ಲಿಯೇ ಹೆಚ್ಚು ನಿಜವಾದುದು. ಕಾಲ್ಚೆಂಡಿನಾಟಕ್ಕೆ ನಿಯಮಗಳನ್ನು ಬರೆದುಕೊಟ್ಟ ಇಂಗ್ಲೆಂಡಿನಲ್ಲಿ ಈ ಗಾದೆ ಇದೆಯೋ ಇಲ್ಲವೋ, ಅದಕ್ಕೆ ತಕ್ಕ ಮನುಷ್ಯನೊಬ್ಬನಂತೂ ಅಲ್ಲಿದ್ದನು. ಜಾರ್ಜ್ ರೇನರ್ ಎಂದು ಅವನ ಹೆಸರು. ಫುಟ್‌ಬಾಲ್ ಬಲ್ಲ ವಾಚಕರಲ್ಲಿಯೂ ಈ ಹೆಸರನ್ನು ಕೇಳಿದವರು ವಿರಳ.

1907ರಲ್ಲಿ ಯಾರ್ಕ್‌ಷೈರಿನ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿದ ರೇನರ್ ಆಟಗಾರನಾಗಿ ಸಾಮಾನ್ಯನೇ. ರಾದರಮ್, ಬರಿ, ಆಲ್ಡರ್‌ಷಾಟ್ ಎಂದು ಸಣ್ಣಪುಟ್ಟ ತಂಡಗಳಲ್ಲಿ ಅಂಚಿನ ಮುನ್ನಡೆಗಾರನಾಗಿ ಓಡಿದನು. ದೇಶದ ಪರವಾಗಿ ಒಮ್ಮೆಯೂ ಆಡಲಿಲ್ಲ. ಅವನ ದೆಸೆ ತಿರುಗಿದ್ದು ಎರಡನೆಯ ಮಹಾಯುದ್ಧದಲ್ಲಿ. ಸೈನ್ಯದ ಅಂಗಸಾಧನೆಯ ಶಿಕ್ಷಕನಾಗಿ ಬಾಗ್ದಾದಿಗೆ ಹೋದವನು ಅಲ್ಲಿಯ ತರುಣರನ್ನು ಕಲೆಹಾಕಿ ತಂಡವೊಂದನ್ನು ಕಟ್ಟಿದನು. ಆ ಸುದ್ದಿ ಇಂಗ್ಲಿಷ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಸ್ಟ್ಯಾನ್ಲಿ ರೌಸ್‌ನ ಕಿವಿಗೆ ಬಿತ್ತು. ಸ್ವೀಡನ್ ದೇಶವು ಒಬ್ಬ ಗುರುವನ್ನು ಬೇಡಿದಾಗ, 1946ರಲ್ಲಿ, ರೇನರ್ ಅಲ್ಲಿಗೆ ಹೊರಟನು.

ಎರಡೇ ವರ್ಷಗಳಲ್ಲಿ ಲಂಡನ್ ಒಲಿಂಪಿಕ್ಸ್ ಬಂದಿತು. ನಮ್ಮವರು ಬಹುಮಂದಿ ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 1–2ರಿಂದ ಸೋತ ಕೂಟವದು. ಭಾರತದ ಆ ಒಂದು ಗೋಲನ್ನು ಹೊಡೆದವನು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಎಂಬುದನ್ನು ನಾವು ಮರೆಯಬಾರದು. ಅದೇ ಕೂಟದ ಉಪಾಂತ್ಯ ಪಂದ್ಯದಲ್ಲಿ ಸ್ವೀಡನ್ ಡೆನ್ಮಾರ್ಕನ್ನು ಎದುರಿಸಿದಾಗ ನಡೆದ ಪ್ರಸಂಗ ಸ್ವಾರಸ್ಯಕರವಾದುದು. ಸ್ವೀಡನ್ನಿನ ಗುನ್ನಾರ್ ನೋರ್ಡಾಲ್ ತಾನು ಆಫ್‌ಸೈಡಿನಲ್ಲಿರುವುದನ್ನು ಅರಿತು, ಮೈದಾನದಿಂದಲೇ ಹೊರಗಾಗಲೆಂದು ಎದುರಾಳಿಗಳ ಗೋಲಿನ ಬಲೆಯೊಳಕ್ಕೆ ಹಾರಿಬಿಟ್ಟನು. ಅಷ್ಟರಲ್ಲಿ ಕಾರ್ಲ್‌ಸನ್ ತಲೆಯಿಂದ ಹೊಡೆದ ಚೆಂಡು ಬಲೆಯನ್ನು ಹೊಕ್ಕಿತು. ಅದನ್ನು ಹಿಡಿದವನು ಒಳಗಿದ್ದ ನೋರ್ಡಾಲನೇ! ಡೆನ್ಮಾರ್ಕ್ 4–2ರಿಂದ ಸೋತಿತು. ಅಂತಿಮ ಪಂದ್ಯದಲ್ಲಿ ಯುಗೊಸ್ಲಾವಿಯವನ್ನು 3–1ರಿಂದ ಮಣಿಸಿ ಸ್ವೀಡನ್ ಚಿನ್ನ ಗೆದ್ದಿತು.

ಗೆದ್ದುದೇ ಗುರುವಿಗೆ ಮುಳುವಾಯಿತು. ಇಟಲಿಯ ಹಣವಂತ ತಂಡಗಳು ಗಾಳ ಹಾಕಿದವು. ನೋರ್ಡಾಲ್, ಗ್ರೇನ್, ಲೀಡ್‌ಹೋಮ್ ಮೂವರೂ 1949ರಲ್ಲಿ ಮಿಲಾನಿಗೆ ನಡೆದರು. ಹಣಕ್ಕಾಗಿ ಆಡುವವರಿಗೆ ಆಗ ಸ್ವೀಡನ್ನಿನ ರಾಷ್ಟ್ರತಂಡದಲ್ಲಿ ಎಡೆಯಿರಲಿಲ್ಲ. ರೇನರ್ ಮತ್ತೆ ಹುಡುಗರನ್ನು ಹುಡುಕಿದನು, ಮತ್ತೆ ತಿದ್ದಿದನು. ಆ ಹುಡುಗರೇ 1950ರ ವಿಶ್ವಕಪ್ಪಿನಲ್ಲಿ ಇಟಲಿಯನ್ನು 3–2ರಿಂದ ಸೋಲಿಸಿ ಮೂರನೆಯ ಸ್ಥಾನಕ್ಕೆ ಏರಿದರು. ಬಳಿಕ ಸ್ಕೊಗ್ಲುಂಡ್, ಯೆಪ್ಸನ್ ಮೊದಲಾದವರನ್ನೂ ಇಟಲಿಯೇ ಒಯ್ದಿತು! ರೇನರ್ ಮೂರನೆಯ ಸಲ ತಂಡ ಕಟ್ಟಿ 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದನು. ವರ್ಷವರ್ಷವೂ ಒಳ್ಳೆಯ ವಿದ್ಯಾರ್ಥಿಗಳನ್ನು ಬೀಳ್ಕೊಟ್ಟು ಮತ್ತೆ ಮೊದಲ ಪಾಠದಿಂದ ಆರಂಭಿಸುವ ನಮ್ಮಂಥ ಮೇಷ್ಟರುಗಳಿಗೆ ಈ ಕಷ್ಟ ಬಿಡಿಸಿ ಹೇಳಬೇಕಾದುದಲ್ಲ. ಆದರೆ ನಮ್ಮ ವಿದ್ಯಾರ್ಥಿಗಳೇ ಮರುವರ್ಷ ನಮಗೆ ಎದುರಾಳಿಗಳಾಗಿ ನಿಲ್ಲುವುದಿಲ್ಲ, ಅಷ್ಟು ಪುಣ್ಯ.

1953ರ ನವೆಂಬರಿನಲ್ಲಿ ನಡೆದುದು ಇನ್ನೂ ಸೋಜಿಗದ್ದು. ಹಂಗೆರಿಯ ತಂಡ ಆಗ ಅಜೇಯವಾಗಿತ್ತು. ಅದರ ಹಿದೆಗ್ಕುಟಿ ಮಧ್ಯದ ಮುನ್ನಡೆಗಾರನೆನಿಸಿಕೊಂಡು ಹಿಂದೆ ಸರಿದು ಆಡುತ್ತಿದ್ದುದರಿಂದ, ಅವನನ್ನು ಯಾರು ಕಾಯಬೇಕೆಂಬುದೇ ಎದುರಾಳಿಗಳಿಗೆ ಬಗೆಹರಿಯುತ್ತಿರಲಿಲ್ಲ. ರೇನರ್ ಈ ಗಂಟನ್ನು ಬಿಚ್ಚಿದನು. ಹಿದೆಗ್ಕುಟಿಯನ್ನು ನೆರಳಿನಂತೆ ಹಿಂಬಾಲಿಸುವ ಏರ್ಪಾಡು ಮಾಡಿದನು. ಬುಡಾಪೆಸ್ಟಿನಲ್ಲಿಯೇ ಪಂದ್ಯ 2–2ರಲ್ಲಿ ಸಮವಾಯಿತು. ಹತ್ತು ದಿನಗಳ ಬಳಿಕ ಅದೇ ಹಂಗೆರಿ ವೆಂಬ್ಲಿಗೆ ಬಂದಿತು. ಇಂಗ್ಲೆಂಡಿನವರು ಹಿದೆಗ್ಕುಟಿಯನ್ನು ಅವನ ಪಾಡಿಗೆ ಬಿಟ್ಟರು. ಅವನೊಬ್ಬನೇ ಮೂರು ಗೋಲು ಹೊಡೆದನು. ಇಂಗ್ಲೆಂಡ್ 3–6ರಿಂದ ಸೋತಿತು. ಮದ್ದು ಗೊತ್ತಿದ್ದ ವೈದ್ಯ ತಮ್ಮವನೇ, ಆದರೆ ಇದ್ದುದು ನೆರೆಮನೆಯಲ್ಲಿ.

ನಡುವೆ ಇಟಲಿಯ ಲಾಟ್ಸಿಯೋ ತಂಡದಲ್ಲಿಯೂ, ತಾಯ್ನಾಡಿನ ಕವೆಂಟ್ರಿಯಲ್ಲಿಯೂ ಕೆಲವು ಕಾಲವಿದ್ದು ರೇನರ್ ಸ್ವೀಡನ್ನಿಗೆ ಮರಳಿದನು. 1958ರ ವಿಶ್ವಕಪ್ ಅಲ್ಲಿಯೇ ನಡೆಯಿತು. ಅಷ್ಟರಲ್ಲಿ ಹೊರದೇಶದ ವೃತ್ತಿಪರರನ್ನು ಸೇರಿಸಿಕೊಳ್ಳಲು ಒಪ್ಪಿಗೆ ದೊರೆತುದರಿಂದ, 37 ವರ್ಷದ ಗ್ರೇನ್, 35 ವರ್ಷದ ಲೀಡ್‌ಹೋಮ್ ಹಳೆಯ ಗುರುವಿನ ಬಳಿಗೆ ಹಿಂದಿರುಗಿದರು. ರಷ್ಯ, ಪಶ್ಚಿಮ ಜರ್ಮನಿಗಳನ್ನು ದಾಟಿ ತಂಡ ಅಂತಿಮ ಪಂದ್ಯಕ್ಕೆ ಬಂದಿತು. ನಾಲ್ಕನೆಯ ನಿಮಿಷದಲ್ಲಿಯೇ ಲೀಡ್‌ಹೋಮ್ ಗೋಲು ಹೊಡೆದಾಗ ಸ್ಟಾಕ್‌ಹೋಮ್ ಕುಣಿಯಿತು. ಆದರೆ ಎದುರಿಗಿದ್ದುದು ಬ್ರೆಜಿಲ್. ಅದರಲ್ಲಿ ಹದಿನೇಳು ವರ್ಷದ ಪೆಲೆ. ಪಂದ್ಯ 5–2ರಲ್ಲಿ ಮುಗಿಯಿತು. ಸೋತರೇನು, ತಂಡವೊಂದನ್ನು ವಿಶ್ವಕಪ್ಪಿನ ಅಂತಿಮ ಘಟ್ಟಕ್ಕೆ ಒಯ್ದ ಮೊದಲ ಇಂಗ್ಲಿಷ್ ಗುರು ಅವನೇ. ಇಂಗ್ಲೆಂಡಿನವರೇ ಆ ಘಟ್ಟ ಮುಟ್ಟಲು 1966ರವರೆಗೆ ಕಾಯಬೇಕಾಯಿತು.

ಇಷ್ಟಾದ ಮೇಲೆ ಊರಿಗೆ ಮರಳಿದವನಿಗೆ ಯಾವ ದೊಡ್ಡ ತಂಡವೂ ಬಾಗಿಲು ತೆರೆಯಲಿಲ್ಲ. ಆಟಗಾರನಾಗಿ ಹೆಸರಿರಲಿಲ್ಲ, ಹೊರನಾಡಿನ ಪದಕಗಳನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪೂರ್ವ ಕರಾವಳಿಯ ಸ್ಕೆಗ್ನೆಸ್ ಎಂಬ ಪುಟ್ಟ ಊರಿನ ತಂಡಕ್ಕೆ ಅವನು ಪಾಠ ಹೇಳಲು ನಿಂತನು. 1959ರ ಅಕ್ಟೋಬರಿನಲ್ಲಿ ಸ್ವೀಡನ್ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 3–2ರಿಂದ ಸೋಲಿಸಿತು. ಆ ಬಳಿಕವೂ ಕರೆ ಬರಲಿಲ್ಲ. 1967ರಲ್ಲಿ ನಾಲ್ಕನೆಯ ದರ್ಜೆಯ ಡಾಂಕಾಸ್ಟರ್ ತಂಡ ಅವನನ್ನು ಕರೆದುಕೊಂಡು, ಮರುವರ್ಷವೇ ಮನೆಗೆ ಕಳುಹಿಸಿತು.