ಮುಖದ ಅಚ್ಚು ಯಾರ ಕೈಯಲ್ಲಿದೆ?

"ಏನಿದು ನಿನ್ನ ಅವತಾರ?" ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದೆ ಬೆಳೆದ ಮಕ್ಕಳು ಕಡಿಮೆ. ತಲೆ ಬಾಚದೆ ಹೊರಟಾಗ, ಮೈಯೆಲ್ಲ ಕೆಸರು ಮಾಡಿಕೊಂಡು ಬಂದಾಗ, ಹೊಸ ಫ್ಯಾಷನ್ನಿನ ಪ್ಯಾಂಟು ತೊಟ್ಟಾಗ ಹಿರಿಯರ ಬಾಯಿಂದ ಬರುವ ಮಾತು ಅದು. ಈಗ ಅದೇ ಪದ ಪಶ್ಚಿಮವನ್ನು ಸುತ್ತಿಕೊಂಡು ನಮ್ಮ ಮಕ್ಕಳ ಮೊಬೈಲಿಗೆ ಮರಳಿ ಬಂದಿದೆ. ಅಮೆರಿಕದ ಕಂಪ್ಯೂಟರ್ ಆಟಗಳ ತಯಾರಕರು 1980ರ ದಶಕದಲ್ಲಿ ಸಂಸ್ಕೃತದ ಈ ಪದವನ್ನು ಎತ್ತಿಕೊಂಡರು. 1992ರಲ್ಲಿ ಬಂದ ನೀಲ್ ಸ್ಟೀಫನ್‌ಸನ್ ಅವರ 'ಸ್ನೋ ಕ್ರ್ಯಾಶ್' ಕಾದಂಬರಿ ಅದನ್ನು ಜನಪ್ರಿಯಗೊಳಿಸಿತು. ಪರದೆಯ ಮೇಲೆ ನಮ್ಮ ಪರವಾಗಿ ನಿಲ್ಲುವ ಗೊಂಬೆಗೆ ಇಂದು ಅವತಾರ್ ಎಂದು ಹೆಸರು. ಮೂಗು, ಕಣ್ಣು, ಕೂದಲು, ಮೈಬಣ್ಣ, ಬಟ್ಟೆ ಎಲ್ಲವನ್ನೂ ಒಂದೊಂದಾಗಿ ಆರಿಸಿ ಹುಡುಗ ಹುಡುಗಿಯರು ತಮ್ಮದೊಂದು ರೂಪವನ್ನು ಅಲ್ಲಿ ಕಟ್ಟಿಕೊಳ್ಳುತ್ತಾರೆ.

ಹಿರಿಯರ ಪ್ರಶ್ನೆ ಮಾತ್ರ ಬದಲಾಗಿಲ್ಲ. ಇದೆಲ್ಲ ಸುಳ್ಳು ಮುಖ, ಒಣ ಶೋಕಿ, ದೇವರು ಕೊಟ್ಟ ಮುಖ ಸಾಲದೇ ಎಂಬ ಉಪದೇಶ ಮಸೀದಿಯ ಅಂಗಳದಲ್ಲೂ ಕೇಳುತ್ತದೆ, ಕಾಲೇಜಿನ ವಾರ್ಷಿಕೋತ್ಸವದ ವೇದಿಕೆಯಲ್ಲೂ ಕೇಳುತ್ತದೆ. ಚಿತ್ರ ಬಿಡಿಸುವುದೇ ಸಲ್ಲದು ಎನ್ನುವವರ ವಾದ ಬೇರೆ, ಅದಕ್ಕೆ ನಾವಿಲ್ಲಿ ಕೈ ಹಾಕುವುದಿಲ್ಲ. ಉಳಿದವರ ಸಿಟ್ಟನ್ನು ಮಾತ್ರ ನಾವು ಒಪ್ಪುವುದಿಲ್ಲ. ಅದು ತಪ್ಪು ಬಾಗಿಲನ್ನು ತಟ್ಟುತ್ತಿದೆ. ಪ್ರಶ್ನಿಸಬೇಕಾದದ್ದು ಮುಖ ಮಾಡಿಕೊಳ್ಳುವ ಮಕ್ಕಳನ್ನಲ್ಲ. ಮುಖದ ಅಚ್ಚು ಮಾಡಿ ಮಾರುವವರನ್ನು.

ಮೊದಲಿಗೆ ಸುಳ್ಳು ಎಂಬ ಆರೋಪವನ್ನು ನೋಡೋಣ. ಆರ್ಕುಟ್ ಇದ್ದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರಿನ ಪಕ್ಕದಲ್ಲಿ ಏನಿರುತ್ತಿತ್ತು? ಒಂದು ಗುಲಾಬಿ ಹೂವು, ಯಾವುದೋ ಮಗುವಿನ ಫೋಟೋ, ಇಲ್ಲವೇ ಸಿನಿಮಾ ನಟಿಯ ಚಿತ್ರ. ಸ್ವಂತ ಫೋಟೋ ಹಾಕಿದರೆ ಅದು ಎಲ್ಲಿಗೆ ಹೋಗಿ ಯಾರ ಕೈ ಸೇರುತ್ತದೋ ಎಂಬ ಭಯ. ಆ ಭಯ ಬರೀ ಕಲ್ಪನೆಯಲ್ಲ ಎಂಬುದಕ್ಕೆ ಮುಂದೆ ಪುರಾವೆ ಸಿಕ್ಕಿತು. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿ ಒಂದರಂದು 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳು ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಜಾಲತಾಣಗಳಿಂದ ಕದ್ದು 'ಹರಾಜಿಗಿಟ್ಟವು'. ಪತ್ರಕರ್ತೆಯರು, ವಕೀಲೆಯರು, ಹೋರಾಟಗಾರ್ತಿಯರು ಹೊಸ ವರ್ಷದ ಬೆಳಿಗ್ಗೆ ಎದ್ದು ತಮ್ಮ ಮುಖವನ್ನು ಆ ಹರಾಜಿನಲ್ಲಿ ಕಂಡರು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನೂ ಇದ್ದ.

ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ ಒಬ್ಬ ಹುಡುಗಿ ತನ್ನ ಫೋಟೋ ತೆಗೆದು, ಅದರ ಜಾಗದಲ್ಲಿ ತನ್ನದೇ ಕನ್ನಡಕ, ತನ್ನದೇ ದಪ್ಪ ಹುಬ್ಬು, ತನ್ನದೇ ಬಣ್ಣದ ಸ್ಕಾರ್ಫ್ ಇರುವ ಗೊಂಬೆಯನ್ನು ಇಟ್ಟರೆ ಅದು ಸುಳ್ಳೇ? ಗುಲಾಬಿ ಹೂವಿನ ಹಿಂದೆ ಅಡಗಿದ್ದವಳು ಈಗ ಇಷ್ಟಾದರೂ ಮುಂದೆ ಬಂದಿದ್ದಾಳೆ. ನಾನಿಲ್ಲಿ ಇದ್ದೇನೆ, ಹೀಗಿದ್ದೇನೆ, ಆದರೆ ನನ್ನ ಫೋಟೋ ನಿಮ್ಮ ಕೈಗೆ ಸಿಗದು ಎಂದು ಹೇಳುತ್ತಿದ್ದಾಳೆ. ಪರ್ದಾ ಎಂದರೆ ಇಲ್ಲವಾಗುವುದು ಎಂದು ತಿಳಿದವರಿಗೆ ಇದು ಅರ್ಥವಾಗುವುದು ಕಷ್ಟ.

ಈಗ ಎರಡನೆಯ ಮಾತು. ಕಂಪೆನಿಗಳು ಈ ಗೊಂಬೆಗಳನ್ನು ನಮ್ಮ ಮುಂದಿಟ್ಟದ್ದು ಯಾವ ಹೆಸರಿನಲ್ಲಿ? 'ನಿಮ್ಮನ್ನು ನೀವು ಅಭಿವ್ಯಕ್ತಿಸಿಕೊಳ್ಳಿ' ಎಂದು. ಬಿಟ್‌ಮೋಜಿ ಹೀಗೆಯೇ ಹೇಳಿತು, 2018ರಲ್ಲಿ ಆಪಲ್‌ನ ಮೆಮೋಜಿ ಹೇಳಿತು, 2020ರಲ್ಲಿ ಭಾರತಕ್ಕೆ ಬಂದ ಫೇಸ್‌ಬುಕ್ ಅವತಾರ್ ಹೇಳಿತು, 2022ರ ಡಿಸೆಂಬರಿನಲ್ಲಿ ವಾಟ್ಸಾಪ್ ಕೂಡ ಅದನ್ನೇ ಹೇಳಿತು. ಕೇಳಲು ಚೆಂದ. ಆದರೆ ಆರಿಸಿಕೊಳ್ಳುವ ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ನಿರ್ಧರಿಸಿದವರು ನಾವಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ಮೂಗು ನಮ್ಮದಾದರೆ, ಅಭಿವ್ಯಕ್ತಿ ಅಲ್ಲಿಗೇ ಮುಗಿಯಿತು.

ಮೈಬಣ್ಣದ ಕತೆ ನೋಡಿ. ಮೊಬೈಲಿನ ಇಮೋಜಿಗಳು ಹಳದಿಯಾಗಿದ್ದವು. ಹಳದಿ ಯಾರ ಬಣ್ಣವೂ ಅಲ್ಲ, ಆದ್ದರಿಂದ ಎಲ್ಲರ ಬಣ್ಣ ಎಂಬುದು ವಾದ. ಆದರೆ ಮನುಷ್ಯರಂತೆಯೇ ಕಾಣುವ ಚಿತ್ರಗಳು ಮಾತ್ರ ಬಹುತೇಕ ಬಿಳಿಯರವಾಗಿದ್ದವು. ದೂರುಗಳು ಬಂದ ಮೇಲೆ 2015ರಲ್ಲಿ ಯೂನಿಕೋಡ್ ಸಂಸ್ಥೆ ಐದು ಮೈಬಣ್ಣಗಳನ್ನು ಸೇರಿಸಿತು. ಆ ಐದನ್ನು ಎಲ್ಲಿಂದ ತಂದರು ಗೊತ್ತೇ? ಚರ್ಮರೋಗ ವೈದ್ಯರ ಒಂದು ಅಳತೆಯಿಂದ. ಅಮೆರಿಕದ ವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ, ನೇರಳಾತೀತ ಕಿರಣದ ಚಿಕಿತ್ಸೆ ಕೊಡುವಾಗ ಯಾವ ಚರ್ಮ ಎಷ್ಟು ಸುಡುತ್ತದೆ ಎಂದು ಅಳೆಯಲು ಮಾಡಿದ ವರ್ಗೀಕರಣ ಅದು. ಮೊದಲು ಅದರಲ್ಲಿದ್ದದ್ದು ಬಿಳಿ ಚರ್ಮದ ಬಗೆಗಳು ಮಾತ್ರ. ಕಂದು ಮತ್ತು ಕಪ್ಪು ಆಮೇಲೆ ಸೇರಿದವು. ಬಿಸಿಲಿಗೆ ಬಿಳಿಯರ ಚರ್ಮ ಸುಡುವ ಲೆಕ್ಕದಿಂದ ಹುಟ್ಟಿದ ಅಳತೆಗೋಲು ಜಗತ್ತಿನ ಜನರ ಆತ್ಮಾಭಿವ್ಯಕ್ತಿಯ ಬಣ್ಣದ ಡಬ್ಬಿಯಾಯಿತು. ಕಪ್ಪು ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಕೊರಗುವ ನಮ್ಮ ಸಮಾಜದಲ್ಲಿ ಆ ಡಬ್ಬಿಯಿಂದ ತನ್ನದಕ್ಕಿಂತ ಎರಡು ಮೆಟ್ಟಿಲು ಬಿಳಿಯ ಬಣ್ಣ ಆರಿಸಿಕೊಂಡ ಹುಡುಗಿಯನ್ನು ನಾವು ಬೈಯಬೇಕೇ? 'ಫೇರ್ ಅಂಡ್ ಲವ್ಲಿ' ತನ್ನ ಹೆಸರಿನಿಂದ 'ಫೇರ್' ಎಂಬ ಪದ ತೆಗೆದದ್ದೇ 2020ರಲ್ಲಿ. ಅಲ್ಲಿಯವರೆಗೆ ಆ ಟ್ಯೂಬನ್ನು ಅಂಗಡಿಯಿಂದ ತಂದುಕೊಟ್ಟವರು ನಾವೇ, ಹಿರಿಯರು.

ಪೆಟ್ಟಿಗೆಯನ್ನು ಪ್ರಶ್ನಿಸಿದವರೂ ಇದ್ದಾರೆ. ಬರ್ಲಿನ್‌ನಲ್ಲಿ ಓದುತ್ತಿದ್ದ ಸೌದಿ ಮೂಲದ ಹುಡುಗಿ ರಯೂಫ್ ಅಲ್‌ಹುಮೈದಿಗೆ 2016ರಲ್ಲಿ ಹದಿನೈದು ವರ್ಷ. ಗೆಳತಿಯರೆಲ್ಲ ವಾಟ್ಸಾಪ್ ಗುಂಪಿಗೆ ತಮ್ಮನ್ನು ಹೋಲುವ ಇಮೋಜಿ ಹುಡುಕಿದಾಗ ತಲೆವಸ್ತ್ರ ತೊಟ್ಟ ಒಬ್ಬಳೂ ಅವಳಿಗೆ ಸಿಗಲಿಲ್ಲ. ಪೇಟ ಸುತ್ತಿದ ಗಂಡಸಿದ್ದ, ಸಾಂತಾಕ್ಲಾಸ್ ಇದ್ದ. ಅವಳು ಆಪಲ್ ಕಂಪೆನಿಗೆ ಬರೆದಳು, ಉತ್ತರ ಬರಲಿಲ್ಲ. ಆಮೇಲೆ ಯೂನಿಕೋಡ್ ಸಂಸ್ಥೆಗೆ ಬರೆದಳು. ಅಲ್ಲಿನ ಇಮೋಜಿ ಸಮಿತಿಯ ಜೆನಿಫರ್ ಲೀ ಅವರು ನೆರವಾದ ಮೇಲೆ ಅದೊಂದು ಪೂರ್ಣ ಪ್ರಸ್ತಾವವಾಯಿತು. 2017ರಲ್ಲಿ ತಲೆವಸ್ತ್ರದ ಮುಖ ಜಗತ್ತಿನ ಫೋನುಗಳಿಗೆ ಬಂತು. ಕನ್ನಡದ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಜಾಗ ಕೊಟ್ಟಿರುವುದೂ ಇದೇ ಯೂನಿಕೋಡ್. ಫಾಂಟು ಸರಿಯಿಲ್ಲದೆ ಒತ್ತಕ್ಷರಗಳು ಚೌಕಟ್ಟುಗಳಾಗಿ ಕಾಣುತ್ತಿದ್ದ ದಿನಗಳನ್ನು ಕಂಡ ಕನ್ನಡಿಗರಿಗೆ, ಪಟ್ಟಿಯಲ್ಲಿ ಜಾಗವಿಲ್ಲ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸೀರೆಗೂ 2019ರಲ್ಲಷ್ಟೇ ಜಾಗ ಸಿಕ್ಕಿತು. ಅದೂ ಬಟ್ಟೆಯಾಗಿ, ಉಟ್ಟವಳು ಅದರೊಳಗಿಲ್ಲ.

ರಯೂಫ್ ಗೆದ್ದದ್ದಕ್ಕೆ ನಮಗೆ ಸಂತೋಷವಿದೆ. ಆದರೆ ಅದನ್ನು ದೊಡ್ಡ ಕಂಪೆನಿಗಳ ಔದಾರ್ಯ ಎಂದು ಹೊಗಳುವವರ ಜೊತೆ ನಾವು ಸೇರಲಾರೆವು. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಕಾಲೇಜು ಗೇಟುಗಳ ಮುಂದೆ ನಿಂತಿದ್ದ ವಿದ್ಯಾರ್ಥಿನಿಯರ ಚೀಲದಲ್ಲಿದ್ದ ಫೋನುಗಳಲ್ಲಿ ತಲೆವಸ್ತ್ರದ ಗೊಂಬೆ ಇತ್ತು. ಗೇಟು ಮಾತ್ರ ಮುಚ್ಚಿತ್ತು. ಫೆಬ್ರವರಿ 5ರ ಸರಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಎಲ್ಲವೂ ಓದುಗರಿಗೆ ನೆನಪಿರುತ್ತದೆ. ಗೊಂಬೆಯ ತಲೆಗೆ ಬಟ್ಟೆ ಹೊದಿಸಲು ಕಂಪೆನಿಗೆ ಖರ್ಚೇನೂ ಇಲ್ಲ. ಹುಡುಗಿಯ ಓದು ಒಂದು ವರ್ಷ ನಿಂತರೆ ಅದರ ಖರ್ಚು ಅವಳದು. ಮೊದಲಿನದನ್ನು ವೈವಿಧ್ಯ ಎಂದು ಜಾಹೀರಾತು ಮಾಡುವವರು ಎರಡನೆಯದರ ಬಗ್ಗೆ ಬಾಯಿ ಬಿಡುವುದಿಲ್ಲ.

ಹಣದ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. 'ಫೋರ್ಟ್‌ನೈಟ್' ಎಂಬ ಆಟ ಆಡಲು ಉಚಿತ. ಆದರೂ 2018 ಮತ್ತು 2019ರಲ್ಲಿ ಅದು 900 ಕೋಟಿ ಡಾಲರಿಗೂ ಹೆಚ್ಚು ಗಳಿಸಿತೆಂದು ಮುಂದೆ ನ್ಯಾಯಾಲಯದ ದಾಖಲೆಗಳಿಂದ ಗೊತ್ತಾಯಿತು. ಅದರ ಮುಖ್ಯ ವ್ಯಾಪಾರ ಆಟದ ಗೊಂಬೆಗೆ ತೊಡಿಸುವ ವೇಷಗಳು. ಆ ವೇಷದಿಂದ ಗುರಿ ತಪ್ಪುವುದಿಲ್ಲ ಎಂದೇನೂ ಇಲ್ಲ, ಆಟದಲ್ಲಿ ಅದರಿಂದ ಲಾಭವೇ ಇಲ್ಲ. ಮತ್ತೇಕೆ ಕೊಳ್ಳುತ್ತಾರೆ? ಇಂಗ್ಲೆಂಡಿನ ಮಕ್ಕಳ ಆಯುಕ್ತರು 2019ರ ಅಕ್ಟೋಬರಿನಲ್ಲಿ ಹೊರತಂದ ವರದಿಯಲ್ಲಿ ಇದಕ್ಕೆ ಉತ್ತರವಿದೆ. ಹಣ ಕೊಟ್ಟು ವೇಷ ಕೊಳ್ಳದ ಮಗುವಿನ ಗೊಂಬೆ ಕಂಪೆನಿ ಕೊಟ್ಟ ಮೂಲ ರೂಪದಲ್ಲೇ ಇರುತ್ತದೆ. ಅದಕ್ಕೆ 'ಡಿಫಾಲ್ಟ್' ಎನ್ನುತ್ತಾರೆ. ಮಕ್ಕಳ ನಡುವೆ ಅದೊಂದು ಬೈಗುಳವಾಗಿ, ಬಡವ ಎನ್ನುವುದಕ್ಕೆ ಇನ್ನೊಂದು ಹೆಸರಾಯಿತು. 2022ರ ಡಿಸೆಂಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಈ ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪೆನಿ 52 ಕೋಟಿ ಡಾಲರ್ ತೆರುವಂತೆ ಮಾಡಿತು. ಅದರಲ್ಲಿ 24.5 ಕೋಟಿ, ಗೊತ್ತಿಲ್ಲದೆ ಗುಂಡಿ ಒತ್ತಿ ಹಣ ಕಳಕೊಂಡ ಗ್ರಾಹಕರಿಗೆ ಮರಳಿಸಲು.

ನಮ್ಮೂರುಗಳಲ್ಲಿ ಅದೇ ಕೆಲಸವನ್ನು ಪಬ್ಜಿ ಮಾಡಿತು. 'ಯುಸಿ' ಎಂದರೆ ಏನೆಂದು ಗೊತ್ತಿಲ್ಲದ ಪೋಷಕರು ಮನೆಯ ಹುಡುಗನನ್ನೇ ಕೇಳಲಿ. ಗೊಂಬೆಯ ಅಂಗಿ ಕೊಳ್ಳುವ ನಾಣ್ಯ ಅದು, ಸಿಗುವುದು ಅಪ್ಪನ ರೂಪಾಯಿಯಿಂದ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಮೇಲೆ ತಂದ ಕಾಯ್ದೆಯ ಗುರಿ ಹಣ ಕಟ್ಟಿ ಹಣ ಗೆಲ್ಲುವ ಆಟಗಳು. ಹಣ ಕಟ್ಟಿ ಅವಮಾನದಿಂದ ಪಾರಾಗುವ ಆಟ ಅದರ ಕಣ್ಣಿಗೆ ಬೀಳಲಿಲ್ಲ.

ಈದಿನ ನಮಾಝಿಗೆ ಮುಂಚೆ ಫಿತ್ರ್ ಝಕಾತ್ ಕೊಡುವುದೇಕೆಂದು ನಮ್ಮ ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಹಬ್ಬದ ದಿನ ಬಡವನ ಮನೆ ಬರಿದಾಗಿರಬಾರದು ಎಂದು. ದೀಪಾವಳಿಗೆ, ಯುಗಾದಿಗೆ ಮನೆಗೆಲಸದವಳ ಮಗುವಿಗೂ ಒಂದು ಜೊತೆ ಹೊಸ ಬಟ್ಟೆ ತೆಗೆಯುವ ಮನೆಗಳು ಈ ನಾಡಿನಲ್ಲಿ ಇನ್ನೂ ಇವೆ. ಒಂದು ಮಗು ಇನ್ನೊಂದರ ಮುಂದೆ ಬಟ್ಟೆಯ ಕಾರಣಕ್ಕೆ ತಲೆ ತಗ್ಗಿಸಬಾರದು ಎಂಬ ಎಚ್ಚರ ನಮ್ಮ ಎಲ್ಲ ಸಮುದಾಯಗಳಲ್ಲೂ ಇತ್ತು. ಶಾಲೆಗೆ ಸಮವಸ್ತ್ರ ಬೇಕು ಎನ್ನುವವರು ಮುಂದಿಡುವ ದೊಡ್ಡ ಸಮರ್ಥನೆಯೂ ಅದೇ. ಹಾಗಿದ್ದ ಮೇಲೆ, ಅದೇ ಮಕ್ಕಳು ಸಂಜೆ ಸೇರುವ ಇನ್ನೊಂದು ಅಂಗಳದಲ್ಲಿ ವೇಷವಿಲ್ಲದವನಿಗೆ 'ಡಿಫಾಲ್ಟ್' ಎಂದು ಹೆಸರು ಬಿದ್ದರೆ, ಸಮಾನತೆಯ ಬಗ್ಗೆ ಅಷ್ಟೊಂದು ಮಾತಾಡಿದ ನಮ್ಮ ಶಿಕ್ಷಣ ತಜ್ಞರು ಏಕೆ ಸುಮ್ಮನಿದ್ದಾರೆ?

ಮೊಬೈಲ್ ಕಿತ್ತುಕೊಳ್ಳಿ ಎಂಬ ಸುಲಭದ ಸಲಹೆ ನಮ್ಮದಲ್ಲ. ಕಿತ್ತುಕೊಂಡವರ ಮಕ್ಕಳು ಗೆಳೆಯನ ಮೊಬೈಲಿನಲ್ಲಿ ಆಡುತ್ತಾರೆ. ಕೇಳಬೇಕಾದದ್ದನ್ನು ಕಂಪೆನಿಗಳನ್ನೇ ಕೇಳೋಣ: ಉಚಿತವಾಗಿ ಕೊಡುವ ಮೊದಲ ರೂಪ ಏಕೆ ಯಾವಾಗಲೂ ಕಳಪೆಯಾಗಿರುತ್ತದೆ? ಮಗುವಿಗೆ ನಾಚಿಕೆಯಾಗದಷ್ಟು ಬಟ್ಟೆ, ಬಣ್ಣ, ಕೂದಲು ಅದರಲ್ಲೇ ಏಕಿಲ್ಲ? ಯೂನಿಕೋಡ್ ಸಂಸ್ಥೆ ಹೊಸ ಇಮೋಜಿಯ ಪ್ರಸ್ತಾವವನ್ನು ಯಾರಿಂದಲೂ ಪಡೆಯುತ್ತದೆ. ಪದವಿ ಬೇಡ, ಶಿಫಾರಸು ಬೇಡ. ಸೆರಗು ಹೊದ್ದ ಬೀಡಿ ಕಟ್ಟುವ ಅಜ್ಜಿ, ಮುಂಡಾಸು ಸುತ್ತಿದ ರೈತ, ತಲೆಗೆ ತಟ್ಟಿ ಕಟ್ಟಿದ ಮೀನು ಮಾರುವ ಹೆಂಗಸು ಇವರಲ್ಲಿ ಯಾರ ಮುಖ ಆ ಪೆಟ್ಟಿಗೆಯಲ್ಲಿ ಇಲ್ಲ ಎಂದು ನಮ್ಮ ಕಾಲೇಜುಗಳ ಕನ್ನಡ ಸಂಘಗಳು ಒಂದು ಸಂಜೆ ಕೂತು ಪಟ್ಟಿ ಮಾಡಲಿ. ಹಾಗೆ ಬರೆದು ಕಳಿಸುವ ಹುಡುಗ ಹುಡುಗಿಯರಿಗೆ ಈ ಪುಟಗಳಲ್ಲಿ ಜಾಗವಿದೆ.