ಕಾನೂನಿನ ದಲ್ಲಾಳಿಗಳ ಪಟ್ಟಿ ಎಲ್ಲಿದೆ?



ಮಂಡಿಯ ದಲ್ಲಾಳಿ ನಿಮಗೆ ಗೊತ್ತು. ಅವನಿಗೆ ಲೈಸೆನ್ಸ್ ಇದೆ, ಎಪಿಎಂಸಿಯಲ್ಲಿ ಹೆಸರಿದೆ. ಕಾನೂನಿನ ದಲ್ಲಾಳಿ ಗೊತ್ತೇನ್ರಪ್ಪಾ? ಅವನಿಗೆ ಎರಡೂ ಇಲ್ಲ.

ಎಂಪಿಗಳಿಗೆ ಪ್ರಶ್ನೆ, ಭಾಷಣ ಬರೆದುಕೊಡಲು ಓದಿದ ಸಹಾಯಕರಿರುತ್ತಾರೆ. ದೆಹಲಿಯಲ್ಲಿ 2010ರಿಂದ ಇದಕ್ಕೆಂದೇ ‘ಲ್ಯಾಂಪ್’ ಎಂಬ ಯೋಜನೆಯಿದೆ. ಆ ಕೆಲಸ ತಪ್ಪಲ್ಲ. ಆದರೆ ಮಸೂದೆ ಯಾರ ಕೈಲಿ ನಿಲ್ಲುತ್ತೆ, ಯಾರ ಮಾತಿಗೆ ತಿರುಗುತ್ತೆ ಅಂತ ಸಂಸತ್ತಿನಲ್ಲಿ ಕಲಿತವರಲ್ಲಿ ಕೆಲವರು ಮುಂದೆ ಕಂಪನಿಗಳ ಸಲಹೆಗಾರರಾಗುತ್ತಾರೆ. ವಿದ್ಯೆ ಕಲಿತದ್ದು ಜನರ ಸಭೆಯಲ್ಲಿ, ದುಡಿಯೋದು ಧಣಿಗೆ!

ಅಮೆರಿಕದಲ್ಲಿ 1995ರ ಕಾನೂನಿನಂತೆ ಇಂಥವರು ಹೆಸರು ನೋಂದಾಯಿಸಬೇಕು. 2007ರ ತಿದ್ದುಪಡಿಯಂತೆ, ಹಿಂದಿನ 20 ವರ್ಷದಲ್ಲಿ ಸಂಸತ್ತು, ಸರ್ಕಾರದಲ್ಲಿ ಹಿಡಿದಿದ್ದ ಹುದ್ದೆಯನ್ನೂ ಹೇಳಬೇಕು. ನಮ್ಮಲ್ಲಿ ಅಂಥ ಕಾನೂನೇ ಇಲ್ಲ.

2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು ಕಿತ್ತರು. ಬೇಸಾಯಗಾರನಲ್ಲದವನೂ ಹೊಲ ಕೊಳ್ಳುವಂತಾಯಿತು. ಮೈಸೂರಿನ ಶ್ರೀರಾಂಪುರ ನೋಡಿ: ಇವತ್ತು ಅದು ನಗರದ ಬಡಾವಣೆ. ನಾಳೆ ಅದರಾಚೆಯ ಹೊಲಕ್ಕೆ ಗಿರಾಕಿ ಯಾರು? ಬೇಡವೆಂದ ನಾವು ಬೀದಿಯಲ್ಲಿ ಎಲ್ಲರಿಗೂ ಕಂಡೆವು. ಬೇಕೆಂದು ಒಳಗೆ ಕೇಳಿದವರಾರು? ಹೇಳಲು ಪಟ್ಟಿಯೇ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ: ವಿಧಾನಸೌಧದ ಬಾಗಿಲಲ್ಲೇ ಪಟ್ಟಿ ಹಾಕಲಿ. ಹೆಸರು, ಹಿಂದಿನ ನೌಕರಿ, ಈಗಿನ ಧಣಿ. ಓಟು ಕೇಳಲು ಬಂದವರನ್ನು ಇದನ್ನು ಕೇಳದೆ ಕಳಿಸಬೇಡಿ.