ಉತ್ತರ ಕೊಡುವವರಿದ್ದಾರೆ, ಜೊತೆಗೆ ಕೂರುವವರೆಲ್ಲಿ?

ನೆರವು ಎಂಬ ಪದಕ್ಕೆ ನಮ್ಮ ತಾಂತ್ರಿಕ ಕಾಲೇಜುಗಳಲ್ಲಿ ವಿಚಿತ್ರವಾದ ಅರ್ಥವೊಂದು ಅಂಟಿಕೊಂಡಿದೆ. ಸರ್ಕ್ಯೂಟ್ ಅನಾಲಿಸಿಸ್‌ನ ಅಸೈನ್‌ಮೆಂಟ್ ಎಂದರೆ ಇಡೀ ತರಗತಿಗೆ ಅವೇ ಲೆಕ್ಕಗಳು. ಜಾಣನೊಬ್ಬ ರಾತ್ರಿ ಕೂತು ಬಿಡಿಸುತ್ತಾನೆ. ಮರುದಿನ ಅದರ ಜೆರಾಕ್ಸ್ ಪ್ರತಿ ಎಲ್ಲರ ಕೈಯಲ್ಲಿರುತ್ತದೆ. ಈಗಂತೂ ಜೆರಾಕ್ಸ್ ಅಂಗಡಿಯವರೆಗೆ ನಡೆಯುವ ಶ್ರಮವೂ ಇಲ್ಲ. ಪ್ರಶ್ನೆಯ ಫೋಟೋ ತೆಗೆದು ಮೊಬೈಲ್‌ಗೆ ಒಪ್ಪಿಸಿದರೆ ಕೃತಕ ಬುದ್ಧಿಮತ್ತೆ ಹಂತಹಂತವಾಗಿ ಬಿಡಿಸಿಕೊಡುತ್ತದೆ, ಕೆಲವೊಮ್ಮೆ ತಪ್ಪಾಗಿಯೂ. ಆಂತರಿಕ ಅಂಕಗಳು ಬಂದವು, ಉಪನ್ಯಾಸಕರ ರಿಜಿಸ್ಟರ್ ತುಂಬಿತು. ಇದನ್ನು ನೆರವು ಎನ್ನಬೇಕೇ?

ವಿಪರ್ಯಾಸವೇನೆಂದರೆ, ಈ ಲೆಕ್ಕಗಳ ಬೆನ್ನೆಲುಬಾದ ಕಿರ್ಚಾಫ್ ನಿಯಮಗಳು ಹುಟ್ಟಿದ್ದೇ ಒಂದು ವಿದ್ಯಾರ್ಥಿ ಅಭ್ಯಾಸವಾಗಿ. ಗುಸ್ತಾವ್ ಕಿರ್ಚಾಫ್ ಕೋನಿಗ್ಸ್‌ಬರ್ಗ್‌ನಲ್ಲಿ ಫ್ರಾನ್ಸ್ ನಾಯ್ಮನ್ನರ ಸೆಮಿನಾರಿನ ವಿದ್ಯಾರ್ಥಿಯಾಗಿದ್ದಾಗ, 1845ರಲ್ಲಿ, ಅವನ್ನು ರೂಪಿಸಿದರು. ಆಗ ಅವರಿಗೆ 21 ವರ್ಷ. ಇಂದು ಅದೇ ವಯಸ್ಸಿನ ನಮ್ಮ ಹುಡುಗನೊಬ್ಬ ಆ ನಿಯಮವನ್ನು ನಕಲು ಮಾಡಿ ಪಾಸಾಗುತ್ತಿದ್ದಾನೆ.

ನಕಲಿನಲ್ಲಿ ಕಳೆದುಹೋಗುವುದೇನು ಎಂಬುದನ್ನು ಒಂದು ಸಣ್ಣ ಲೆಕ್ಕವೇ ಹೇಳುತ್ತದೆ. 10 ವೋಲ್ಟ್ ಮತ್ತು 20 ವೋಲ್ಟ್‌ನ ಎರಡು ಬ್ಯಾಟರಿಗಳಿವೆ ಎನ್ನೋಣ. ಅವುಗಳ ಧನ ತುದಿಗಳು ತಲಾ 2 ಓಮ್‌ನ ರೋಧಕದ ಮೂಲಕ ಒಂದೇ ಸಂಧಿಗೆ ಬಂದು ಸೇರುತ್ತವೆ. ಅಲ್ಲಿಂದ 4 ಓಮ್‌ನ ರೋಧಕವೊಂದು ಎರಡರ ಋಣ ತುದಿಗೂ ಮರಳುತ್ತದೆ. ಎರಡೂ ಬ್ಯಾಟರಿಗಳಿಂದ ಪ್ರವಾಹವು ಸಂಧಿಯತ್ತ ಹೊರಡುತ್ತದೆಂದು ಭಾವಿಸಿ ಬಿಡಿಸಿದರೆ, ಸಂಧಿಯ ವಿಭವ 12 ವೋಲ್ಟ್ ಬರುತ್ತದೆ. ಬಲಗಡೆಯ 20 ವೋಲ್ಟ್‌ನ ಬ್ಯಾಟರಿಯಿಂದ 4 ಆಂಪಿಯರ್, ನಡುವಿನ ರೋಧಕದಲ್ಲಿ 3. ಎಡಗಡೆಯ 10 ವೋಲ್ಟ್‌ನ ಬ್ಯಾಟರಿಯಿಂದ? ಮೈನಸ್ 1.

ವಿದ್ಯಾರ್ಥಿ ಬೆಚ್ಚುವುದು ಇಲ್ಲಿಯೇ. ತಪ್ಪಾಯಿತೆಂದು ಒಬ್ಬ ಪುಟವನ್ನೇ ಹೊಡೆದುಹಾಕುತ್ತಾನೆ, ಇನ್ನೊಬ್ಬ ಮೈನಸ್ ಚಿಹ್ನೆಯನ್ನು ಮೆಲ್ಲನೆ ಅಳಿಸುತ್ತಾನೆ. ನಿಜವಾಗಿ ಉತ್ತರ ಸರಿಯಾಗಿಯೇ ಇದೆ. ಪ್ರವಾಹವು ನಾವು ಭಾವಿಸಿದ ದಿಕ್ಕಿಗೆ ವಿರುದ್ಧವಾಗಿ ಹರಿಯುತ್ತಿದೆ ಎಂದಷ್ಟೇ ಆ ಚಿಹ್ನೆಯ ಅರ್ಥ. ಎಡಗಡೆಯ ಬ್ಯಾಟರಿ ವಿದ್ಯುತ್ತನ್ನು ಕೊಡುತ್ತಿಲ್ಲ, ಪಡೆಯುತ್ತಿದೆ. ಅದು ಚಾರ್ಜ್ ಆಗುತ್ತಿದೆ. ಸಂಧಿಗೆ ಬಂದ 4 ಆಂಪಿಯರ್‌ನಲ್ಲಿ 3 ಕೆಳಗಿಳಿಯಿತು, 1 ಎಡಕ್ಕೆ ಹೋಯಿತು. ಪಕ್ಕದಲ್ಲಿ ಕೂತವರೊಬ್ಬರು "ಈ ಮೈನಸ್ ಏನು ಹೇಳುತ್ತಿದೆ, ನೋಡೋಣ" ಎಂದು ಕೇಳಿದ್ದರೆ ಸಾಕಿತ್ತು. ಅದಕ್ಕೆ ಐದು ನಿಮಿಷ ಹಿಡಿಯುತ್ತದೆ. ಉತ್ತರದ ಪ್ರತಿಗೆ ಆ ಪ್ರಶ್ನೆ ಕೇಳಲು ಬರುವುದಿಲ್ಲ. ಮೊಬೈಲ್ ವಿವರಿಸಬಲ್ಲದು ನಿಜ, ಆದರೆ ಕೇಳಿದವನಿಗೆ ಮಾತ್ರ. ತನಗೆ ಏನು ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದವನು ಏನೆಂದು ಕೇಳಿಯಾನು?

ಕನ್ನಡ ಮಾಧ್ಯಮದಿಂದ ಬಂದವರ ಪಾಡು ಇನ್ನೂ ಬೇರೆ. ಹತ್ತನೇ ತರಗತಿಯಲ್ಲಿ ವಿದ್ಯುತ್ ಮಂಡಲ, ವಿಭವಾಂತರ, ರೋಧ ಎಂದು ಓದಿ ಓಮ್‌ನ ನಿಯಮವನ್ನು ಚೆನ್ನಾಗಿಯೇ ಅರಿತಿದ್ದ ಹುಡುಗಿ, ಕೆಲವೇ ತಿಂಗಳಲ್ಲಿ ಡಿಪ್ಲೊಮಾ ತರಗತಿಯಲ್ಲಿ ಸರ್ಕ್ಯೂಟ್, ಪೊಟೆನ್ಷಿಯಲ್ ಡಿಫರೆನ್ಸ್, ರೆಸಿಸ್ಟೆನ್ಸ್ ಎಂಬ ಹೆಸರುಗಳೆದುರು ಮೌನವಾಗುತ್ತಾಳೆ. ಗೊತ್ತಿದ್ದ ವಸ್ತುವೇ ಅಪರಿಚಿತವಾಗಿಬಿಡುತ್ತದೆ. ಆಕೆಗೆ ದಡ್ಡಿಯೆಂಬ ಪಟ್ಟ ಕಟ್ಟಲು ತಡವಾಗುವುದಿಲ್ಲ. ಟ್ಯೂಷನ್‌ಗೆ ಹಣವಿರುವವರು ಹೇಗೋ ದಾಟುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದ ಮೊದಲನೆಯವಳಾದರೆ ಆಕೆ ಯಾರ ಬಳಿ ಹೋಗಬೇಕು?

ನಮ್ಮ ಊರುಗಳಲ್ಲಿ ಇಂಜಿನಿಯರುಗಳಿಗೇನೂ ಬರವಿಲ್ಲ. ಸನ್ಮಾನ ಸಮಾರಂಭಗಳ ವೇದಿಕೆಯಲ್ಲಿ ಅವರು ಧಾರಾಳವಾಗಿ ಸಿಗುತ್ತಾರೆ. ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುವ ನಾವು, ಎರಡನೇ ಸೆಮಿಸ್ಟರ್‌ನಲ್ಲಿ ಬಾಕಿ ಉಳಿಸಿಕೊಂಡವನ ಹೆಸರನ್ನೂ ಕೇಳುವುದಿಲ್ಲ. ವಾರಕ್ಕೆ ಎರಡು ಸಂಜೆ, ಊರಿನ ಗ್ರಂಥಾಲಯದಲ್ಲೋ ಸಂಘದ ಕೋಣೆಯಲ್ಲೋ ಒಂದು ಕರಿಹಲಗೆ, ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರು. ಇದಕ್ಕೆ ದೇಣಿಗೆ ಸಂಗ್ರಹವೂ ಬೇಡ, ಉದ್ಘಾಟನೆಯೂ ಬೇಡ.

ಉಪನ್ಯಾಸಕರಲ್ಲಿಯೂ ಒಂದು ಮಾತು. ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟು ನಕಲನ್ನು ದೂರುವುದರಲ್ಲಿ ಅರ್ಥವಿಲ್ಲ. ಮೇಲಿನ ಲೆಕ್ಕದಲ್ಲಿ 20 ವೋಲ್ಟ್‌ಗೆ ಪ್ರತಿಯೊಬ್ಬರೂ ತಮ್ಮ ರೋಲ್ ನಂಬರ್ ಕೂಡಿಸಿಕೊಳ್ಳಲಿ. ಲೆಕ್ಕದ ರೀತಿ ಎಲ್ಲರಿಗೂ ಒಂದೇ, ಉತ್ತರ ಮಾತ್ರ ಅರವತ್ತು ಮಂದಿಗೆ ಅರವತ್ತು. ಮೌಲ್ಯಮಾಪನವೂ ಕಷ್ಟವಲ್ಲ: ರೋಲ್ ನಂಬರನ್ನು ಎರಡರಿಂದ ಗುಣಿಸಿ, 60 ಕೂಡಿಸಿ, 5ರಿಂದ ಭಾಗಿಸಿದರೆ ಆ ವಿದ್ಯಾರ್ಥಿಯ ಸಂಧಿ ವಿಭವ ಸಿಗುತ್ತದೆ.